ಬಿಸಿಯೋ, ತಣ್ಣಗೋ?

ಇವತ್ತು ಒಂದು ತಿದ್ದುಪಡಿಯಿಂದ ಶುರು ಮಾಡ್ತೀನಿ.

ಕೆಲವು ವಾರಗಳ ಹಿಂದೆ ಇದೇ ಕುರ್ಚಿಯಲ್ಲಿ ಕೂತು, ಜಪಾನಿನ ಅಕ್ಕಿ ಮದ್ಯ ‘ಸಾಕೆ’ ಬಗ್ಗೆ ಒಂದು ಮಾತು ಹೇಳಿದ್ದೆ: ‘ಒಳ್ಳೇದನ್ನು ತಣ್ಣಗೆ ಕೊಡ್ತಾರೆ, ಕಳಪೆಯನ್ನು ಬಿಸಿ ಮಾಡಿ ಸಾಗಹಾಕ್ತಾರೆ.’ ಹೇಳುವ ಹೊತ್ತಿಗೆ ನಾನು ಸಾಕೆಯ ಒಂದು ಹನಿಯನ್ನೂ ಕುಡಿದಿರಲಿಲ್ಲ. ಎಲ್ಲೋ ಓದಿದ್ದೆ, ಅಷ್ಟೆ.

ರಿಚರ್ಡ್ಸ್ ಟೌನ್‌ನ ಹಿರಿಯ ವೀಕ್ಷಕರೊಬ್ಬರು ಫೋನ್ ಮಾಡಿದರು. ಕೆಲಸದ ಮೇಲೆ ಜಪಾನಿನಲ್ಲಿ ವರ್ಷಗಟ್ಟಲೆ ಇದ್ದವರು. ಬೈಯಲಿಲ್ಲ. ‘ಒಂದು ಸಂಜೆ ಬನ್ನಿ, ರುಚಿ ನೋಡಿ, ಆಮೇಲೆ ಮಾತಾಡಿ’ ಅಂದರು.

ಹೋದೆ. ರಿಚರ್ಡ್ಸ್ ಪಾರ್ಕ್ ಹತ್ತಿರದ ಹಳೇ ಮನೆ. ಮೇಜಿನ ಮೇಲೆ ಎರಡು ಬಾಟಲಿ, ಎರಡೂ ಬೆಂಗಳೂರಿನ ಅಂಗಡಿಯಲ್ಲೇ ಕೊಂಡದ್ದು. ಒಂದು ಸಾದಾ ‘ಜುನ್‌ಮೈ’: ಅಕ್ಕಿ, ನೀರು, ಯೀಸ್ಟ್, ‘ಕೋಜಿ’ ಅನ್ನೋ ಬೂಷ್ಟು, ಅಷ್ಟೇ, ಹೊರಗಿಂದ ಆಲ್ಕೋಹಾಲ್ ಸೇರಿಸಿಲ್ಲ. ಇನ್ನೊಂದು ದುಬಾರಿ ‘ಗಿಂಜೊ’: ಅಕ್ಕಿ ಕಾಳನ್ನು ಉಜ್ಜಿ ಉಜ್ಜಿ ಶೇ. 40ರಷ್ಟಾದರೂ ತೆಗೆದು ಹಾಕಿ ಮಾಡಿದ್ದು.

ಎಂಜಿನಿಯರಿಂಗ್ ಓದಿದವನಲ್ವಾ, ಥರ್ಮಾಮೀಟರ್ ಹಿಡಿದೇ ಕೂತೆ. ಫ್ರಿಜ್ಜಿನಿಂದ ತೆಗೆದಾಗ ಸುಮಾರು 10 ಡಿಗ್ರಿ. ಗಿಂಜೊ ಘಮ್ ಅಂತು, ಮಾಗಿದ ಬಾಳೆಹಣ್ಣಿನ ಹಾಗೆ. ಜುನ್‌ಮೈ ಸಪ್ಪೆ, ನಾಲಿಗೆ ತುದಿಯಲ್ಲಿ ಸ್ವಲ್ಪ ಒಗರು. ನನ್ನ ಮಾತೇ ಗೆದ್ದಿತು ಅಂದುಕೊಂಡೆ.

ಆಮೇಲೆ ಅವರು ನೀರು ಕುದಿಸಿ, ಒಲೆ ಆರಿಸಿ, ಎರಡನ್ನೂ ಸಣ್ಣ ಹೂಜಿಗಳಲ್ಲಿ ಆ ನೀರಿನೊಳಗೆ ಇಟ್ಟರು. 45 ಡಿಗ್ರಿ. ಗಿಂಜೊ ಘಮ ಹಾರಿಹೋಗಿ ಬರೀ ಸ್ಪಿರಿಟ್ ಮೂಗಿಗೆ ಬಡಿಯಿತು. ಸಪ್ಪೆಯಾಗಿದ್ದ ಜುನ್‌ಮೈನಲ್ಲಿ ಆಗ ತಾನೇ ಬೆಂದ ಅನ್ನದ ಸಿಹಿ, ಗಂಜಿಯ ತುಂಬು ರುಚಿ ಬಂತು.

ಕಾರಣ ಸರಳ. ಬಿಸಿಗೆ ಹಗುರ ಸುವಾಸನೆ ಹಾರುತ್ತೆ, ಆದರೆ ನಾಲಿಗೆಗೆ ಸಿಹಿ ಜಾಸ್ತಿ ತಿಳಿಯುತ್ತೆ. ಕರಗಿದ ಐಸ್‌ಕ್ರೀಮ್ ಗಟ್ಟಿ ಐಸ್‌ಕ್ರೀಮಿಗಿಂತ ಸಿಹಿ ಅನ್ಸೋದೂ ಇದಕ್ಕೇ. ಜಪಾನಿನಲ್ಲಿ 30ರಿಂದ 55 ಡಿಗ್ರಿವರೆಗೆ ಪ್ರತಿ ಐದು ಡಿಗ್ರಿಗೂ ಒಂದೊಂದು ಹೆಸರಿದೆ. 35 ಡಿಗ್ರಿಗೆ ‘ಹಿತೊಹಾದಾಕಾನ್’, ಅಂದ್ರೆ ಮೈ ಬಿಸಿಯಷ್ಟು. ಕಳಪೆಗೆ ಯಾರೂ ಇಷ್ಟೊಂದು ಹೆಸರಿಡಲ್ಲ.

ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಗ್ಗದ ಸಾಕೆಯನ್ನು ಸುಡುಸುಡು ಕಾಯಿಸಿ ದೋಷ ಮುಚ್ಚೋದು ಉಂಟು. ಆದರೆ ಅರ್ಧ ಸತ್ಯವನ್ನು ಪೂರ್ತಿ ಧ್ವನಿಯಲ್ಲಿ ಹೇಳಿದ್ದು ತಪ್ಪು. ನಮ್ಮ ವೃತ್ತಿಯ ಕಾಯಿಲೆಯೇ ಇದು ಸ್ವಾಮಿ. ಸುದ್ದಿ ಬಿಸಿಯಾಗಿದ್ರೆ ಸಾಕು, ಒಳಗೆ ಏನಿದೆ ಅಂತ ನಾವೇ ರುಚಿ ನೋಡಿರಲ್ಲ.

ಒಂದು ಎಚ್ಚರಿಕೆ. ಸಾಕೆಯಲ್ಲಿ ಆಲ್ಕೋಹಾಲ್ ಶೇ. 15ರ ಆಸುಪಾಸು, ಮಾಮೂಲಿ ಬಿಯರಿನ ಮೂರು ಪಟ್ಟು. ಬೆಚ್ಚಗಿದ್ದಾಗ ಹಾಲಿನಂತೆ ಇಳಿಯುತ್ತೆ, ಎಷ್ಟಾಯ್ತು ಅಂತ ಗೊತ್ತಾಗಲ್ಲ. ನಾನು ಗುಟುಕು ಲೆಕ್ಕದಲ್ಲೇ ನಿಲ್ಲಿಸಿದೆ, ಮನೆಗೆ ಬಂದದ್ದು ಆಟೋದಲ್ಲಿ.

ಹೊರಡುವಾಗ ಆ ಹಿರಿಯರು ಕೇಳಿದ್ದು ಒಂದೇ: ‘ಇದನ್ನೂ ಟಿವಿಯಲ್ಲಿ ಹೇಳ್ತೀರಾ?’ ಆ ದನಿಯಲ್ಲಿ ನಂಬಿಕೆ ಇರಲಿಲ್ಲ.

ಹೇಳಿದ್ದೀನಿ ಸರ್. ತಪ್ಪು ಹೇಳಿದ ಸಮಯಕ್ಕೇ, ತಪ್ಪು ಹೇಳಿದ ಕುರ್ಚಿಯಲ್ಲೇ.