ಕೈಗೆ ಪೆಟ್ಟಾದ ಮೇಲೆ ಊರಿನ ಬಸ್ಸು ಹತ್ತುವ ಮೊದಲು
(ಮ್ಹಾಪಸಾದಲ್ಲಿ ಕನ್ನಡ ಕೂಲಿಕಾರ ಕುಟುಂಬಗಳ ಕೂಟದಲ್ಲಿ ಆಡಿದ ಮಾತುಗಳು)



ಈ ಊರಿನ ಶುಕ್ರವಾರದ ಸಂತೆಯಲ್ಲಿ ಒಂದು ಗಳಿಗೆ ನಿಂತರೆ ಸಾಕು, ಗದಗ, ಕೊಪ್ಪಳ, ವಿಜಾಪುರದ ಕನ್ನಡ ಕಿವಿಗೆ ಬೀಳುತ್ತದೆ. ಚಿರೇಕಲ್ಲಿನ ಕ್ವಾರಿ, ಬೇಕರಿ, ಮರ ಕೊಯ್ಯುವ ಶೆಡ್ಡು, ಕಟ್ಟಡದ ಕೆಲಸ, ಎಲ್ಲ ಕಡೆ ನಮ್ಮವರಿದ್ದಾರೆ. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಈ ಕಡೆ ಬಂದವರೂ ನಮ್ಮ ನಡುವೆ ಕುಳಿತಿದ್ದೀರಿ. ತೋಟದಲ್ಲಿ ಪಲ್ಪರ್ ಯಂತ್ರ, ಮರಗಸಿಯ ಕತ್ತಿ. ಇಲ್ಲಿ ಗರಗಸದ ಚಕ್ರ, ಹಿಟ್ಟು ಕಲಸುವ ಯಂತ್ರ. ಕೈ ಸಿಕ್ಕಿಕೊಳ್ಳುವುದಕ್ಕೆ ಒಂದು ಕ್ಷಣ ಸಾಕು.

ಆಮೇಲೆ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ಗುತ್ತೇದಾರ ಬಟ್ಟೆ ಸುತ್ತಿಸಿ ಡಾಕ್ಟರ ಹತ್ತಿರ ಕರೆದೊಯ್ಯುತ್ತಾನೆ, ಹೊಲಿಗೆಯ ಖರ್ಚು ಕೊಡುತ್ತಾನೆ. ಹತ್ತು ಸಾವಿರ ಕೈಗಿಟ್ಟು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿ ರಾತ್ರಿ ಬಸ್ಸಿಗೆ ಹತ್ತಿಸುತ್ತಾನೆ. “ಪುಣ್ಯಾತ್ಮ, ಕೈಬಿಡಲಿಲ್ಲ” ಎಂದು ನಮ್ಮವರೇ ಹೊಗಳುತ್ತಾರೆ. ಇದನ್ನೇ ನಾವು ಇಂದು ತೂಗಿ ನೋಡಬೇಕಾಗಿದೆ.

ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮ ದೇಶಕ್ಕೆ ಬಂದದ್ದು 1923ರಲ್ಲಿ. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಹೆಸರು ಬದಲಾದರೂ ಲೆಕ್ಕದ ಬುಡ ಅದೇ: ದುಡಿಯುವ ಶಕ್ತಿ ಎಷ್ಟು ಹೋಯಿತು? ಹೆಬ್ಬೆರಳು ಪೂರ್ತಿ ಹೋದರೆ ನೂರಕ್ಕೆ 30 ಪಾಲು, ತೋರುಬೆರಳಿಗೆ 14, ಒಂದೇ ಕೈಯ ನಾಲ್ಕು ಬೆರಳಿಗೆ 50, ಎರಡೂ ಕೈಗೆ 100.

30 ವರ್ಷದ ಒಬ್ಬ ತಮ್ಮ ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ, ಹೆಬ್ಬೆರಳು ಹೋಯಿತು ಎನ್ನಿ. ಸಂಬಳದ ನೂರಕ್ಕೆ 60 ಎಂದರೆ 7,200. ಆ ವಯಸ್ಸಿಗೆ ಕಾನೂನು ಗೊತ್ತುಮಾಡಿದ ಅಂಕಿ 207.98. ಗುಣಿಸಿ, ಬಂದದ್ದರಲ್ಲಿ ನೂರಕ್ಕೆ 30 ತೆಗೆದರೆ ಸುಮಾರು 4 ಲಕ್ಷ 49 ಸಾವಿರ. ಆ ಹತ್ತು ಸಾವಿರವನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಕೆಲಸ ಯಾವುದು ಎಂಬುದನ್ನೂ ನ್ಯಾಯಾಲಯ ನೋಡುತ್ತದೆ. 1968ರಲ್ಲಿ ಒಡಿಶಾದ ಒಂದು ಸಿನಿಮಾ ಮಂದಿರದ ಕೆಲಸದಲ್ಲಿ ಬಡಗಿಯೊಬ್ಬ ಬಿದ್ದು, ಎಡಗೈಯನ್ನು ಮೊಣಕೈ ಮೇಲಕ್ಕೆ ಕತ್ತರಿಸಬೇಕಾಯಿತು. ಬಡಗಿ ಕೆಲಸ ಒಂದೇ ಕೈಯಿಂದ ಆಗುವುದಿಲ್ಲ, ಆದ್ದರಿಂದ ಅವನ ನಷ್ಟ ಪೂರ್ಣ ನಷ್ಟವೇ ಎಂದು 1975ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಪರಿಹಾರದ ಬಾಕಿ ಅಪಘಾತವಾದ ದಿನದಿಂದಲೇ ಹುಟ್ಟುತ್ತದೆ ಎಂದೂ ಹೇಳಿತು.

“ನಿನ್ನ ಅಜಾಗ್ರತೆಯಿಂದಲೇ ಆಯಿತು” ಎಂದು ಹೆದರಿಸುವವರಿದ್ದಾರೆ. ಬರಿಯ ಅಜಾಗ್ರತೆಯಿಂದ ಹಕ್ಕು ಹೋಗುವುದಿಲ್ಲ. ಕುಡಿದು ಯಂತ್ರದ ಮುಂದೆ ನಿಂತದ್ದು, ಬೇಕೆಂದೇ ರಕ್ಷಣೆಯ ಮುಚ್ಚಳ ಬಿಚ್ಚಿದ್ದು, ಇವುಗಳಿಂದ ಪೆಟ್ಟಾದರೆ ಮಾತು ಬೇರೆ. ಅದನ್ನು ನಾವು ಮುಚ್ಚಿಡುವುದಿಲ್ಲ.

ಈಗ ಆ ದಿನದ ಕೆಲಸ. ಗಾಯಕ್ಕೆ ಕಾಫಿಪುಡಿ, ಅರಿಶಿನ, ಸುಣ್ಣ ಯಾವುದೂ ಬೇಡ. ಶುದ್ಧ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಮೇಲಕ್ಕೆತ್ತಿರಿ, ಉಂಗುರವಿದ್ದರೆ ಬಿಚ್ಚಿರಿ. ಬೆರಳು ತುಂಡಾಗಿದ್ದರೆ ಎಸೆಯಬೇಡಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿಡಿರಿ. ಐಸು ನೇರವಾಗಿ ಬೆರಳಿಗೆ ತಾಗಬಾರದು. 108ಕ್ಕೆ ಕರೆ ಮಾಡಿರಿ. ಈ ಊರಲ್ಲೇ ಉತ್ತರ ಗೋವಾ ಜಿಲ್ಲಾ ಆಸ್ಪತ್ರೆ ಇದೆ, ದೊಡ್ಡ ಚಿಕಿತ್ಸೆಗೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿದೆ. ಡಾಕ್ಟರು ಕೇಳಿದಾಗ “ಮನೆಯಲ್ಲಿ ಬಿದ್ದೆ” ಎಂದು ಯಾರು ಹೇಳಿಕೊಟ್ಟರೂ ಹೇಳಬೇಡಿರಿ. ಯಾವ ಯಂತ್ರ, ಎಷ್ಟು ಗಂಟೆ, ಯಾರ ಕೆಲಸ, ಇದ್ದದ್ದನ್ನೇ ಬರೆಯಿಸಿರಿ. ಮುಂದೆ ಸಾಕ್ಷಿ ಹೇಳುವುದು ಆ ಚೀಟಿಯೇ.

ಧಣಿಗೂ ಅಪಘಾತದ ತಿಳಿವಳಿಕೆ ಬರಹದಲ್ಲಿ ಕೊಟ್ಟು ನಕಲು ಇಟ್ಟುಕೊಳ್ಳಿರಿ. ಜೊತೆಯಲ್ಲಿದ್ದ ಇಬ್ಬರ ಹೆಸರು, ಹಾಜರಿ ಅಥವಾ ಚೆಕ್‌ರೋಲಿನ ಗುರುತು, ಸಂಬಳದ ಲೆಕ್ಕ, ಇವನ್ನು ಹೆಂಡತಿಯ ಕೈಯಲ್ಲಿಡಿರಿ. ನಮ್ಮ ಮನೆಗಳಲ್ಲಿ ಕಾಗದ ಉಳಿಯುವುದು ಹೆಂಗಸರ ಟ್ರಂಕಿನಲ್ಲಿಯೇ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಬೇಡ. ಈಗಾಗಲೇ ಒತ್ತಿದವರು ಎದೆಗುಂದಬೇಡಿರಿ, ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಗುತ್ತೇದಾರ ಓಡಿಹೋದರೂ, ಅವನಿಗೆ ತನ್ನ ಕೆಲಸವನ್ನು ಒಪ್ಪಿಸಿದ ದೊಡ್ಡ ಧಣಿ ಹೊಣೆಯಾಗುತ್ತಾನೆ. ಇ.ಎಸ್.ಐ. ಚೀಟಿ ಇರುವವರು ಮಾತ್ರ ಇ.ಎಸ್.ಐ. ಕಚೇರಿಗೇ ಹೋಗಬೇಕು.

ಊರಿಗೆ ಹೋದ ಮೇಲೆ ಗೋವಾಕ್ಕೆ ತಿರುಗಾಡಲು ಯಾರಿಗೆ ಶಕ್ತಿಯಿದೆ ಎಂದು ಒಬ್ಬ ತಾಯಿ ಈಗಷ್ಟೇ ಕೇಳಿದರು. ಅಮ್ಮಾ, ಪೆಟ್ಟಾದದ್ದು ಮ್ಹಾಪಸಾದಲ್ಲಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ಅರ್ಜಿ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಚಿಕ್ಕಮಗಳೂರಿನವರು ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿರಿ, ಆಸ್ಪತ್ರೆಯ ಚೀಟಿಯನ್ನು ಮರೆಯದೆ ಒಯ್ಯಿರಿ.