ಏಲಿಯ ಬಳಿಗೆ ಓಡಿದ ಹುಡುಗ



ಆಮಂತ್ರಣ ಪತ್ರದಲ್ಲಿ ಇಂದಿನ ವಿಷಯ ‘ಕ್ರೈಸ್ತ ಬದುಕಿನಲ್ಲಿ ಕರೆ’ ಎಂದು ಅಚ್ಚಾಗಿದೆ. ಇದರ ಬಗ್ಗೆ ಮಾತಾಡಲು ನನಗೆಷ್ಟು ಅರ್ಹತೆಯಿದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸಭಾಪಾಲಕನಾಗಬೇಕೆಂಬ ಆಸೆಯಿಂದ ಒಂದು ಸಂದರ್ಶನಕ್ಕೆ ಹೋಗಿದ್ದೆ. ಮೇಜಿನ ಆಚೆ ಐದು ಜನ ಹಿರಿಯರು. “ದೇವರ ಕರೆ ನಿನಗೆ ಯಾವಾಗ ಬಂತು?” ಎಂದು ಒಬ್ಬರು ಕೇಳಿದರು. ನಾನು ತಡವರಿಸಿದೆ. “ತಾರೀಖು ನೆನಪಿಲ್ಲವೇ?” ಎಂದು ಇನ್ನೊಬ್ಬರು. ಹೊರಗಿನ ಬೆಂಚಿನಲ್ಲಿ ನನ್ನ ಜತೆ ಕಾದಿದ್ದ ಹುಡುಗನಿಗೆ ತಾರೀಖಷ್ಟೇ ಅಲ್ಲ, ಗಂಟೆಯೂ ನೆನಪಿತ್ತು. ಅವನು ಆಯ್ಕೆಯಾದ. ನಾನು ಬಸ್ಸು ಹತ್ತಿ ಮನೆಗೆ ಬಂದೆ, ಮುಂದೆ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದೆ.

ಆ ಹಿರಿಯರ ಮೇಲೆ ಸಿಟ್ಟಿಲ್ಲ. ಆದರೆ ಆ ಪ್ರಶ್ನೆಯ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವವರಿಗೆಲ್ಲ ದಮಸ್ಕದ ದಾರಿಯೇ ಅಳತೆಗೋಲು. ಬೆಳಕು ಹೊಳೆಯಬೇಕು, ನೆಲಕ್ಕೆ ಬೀಳಬೇಕು, ಹೆಸರು ಹಿಡಿದು ಕೂಗಬೇಕು. ಹಾಗೆ ಬಿದ್ದ ಸೌಲನು, ಮುಂದೆ ಪೌಲನಾದವನು, ಮೂರು ದಿನ ಕಣ್ಣು ಕಾಣದೆ ಕೂತಿದ್ದ, ಮುಂದೇನು ಎಂಬುದನ್ನು ತಿಳಿಯಲು ಅನನೀಯನೆಂಬ ಅಂಜುಬುರುಕ ಶಿಷ್ಯನೊಬ್ಬ ಬರುವವರೆಗೆ ಕಾಯಬೇಕಾಯಿತು, ಆಮೇಲೆ ಅರೇಬಿಯಾಕ್ಕೆ ಹೋಗಿಬಂದು ಮೂರು ವರ್ಷ ಕಳೆದ ಮೇಲಷ್ಟೇ ಯೆರೂಸಲೇಮಿಗೆ ಹೋದ. ಇಷ್ಟನ್ನೂ ಬಿಟ್ಟು ನಾವು ಬೆಳಕನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ನನಗೆ ಹೆಚ್ಚು ನಂಬಿಕೆ ಬರುವುದು ಹಳೆಯ ಒಡಂಬಡಿಕೆಯಲ್ಲಿ ಬರುವ ಶಿಲೋವಿನ ಆ ರಾತ್ರಿಯ ಕಥೆಯಲ್ಲಿ. ಮುದುಕ ಯಾಜಕ ಏಲಿ, ಅವನ ಕಣ್ಣು ಮಬ್ಬಾಗಿದೆ. ದೇವರ ದೀಪ ಇನ್ನೂ ಆರಿಲ್ಲ. ಹುಡುಗ ಸಮುವೇಲ ಮಲಗಿದ್ದಾನೆ. ಕರೆ ಬರುತ್ತದೆ. ಅವನು ದಡಬಡನೆ ಎದ್ದು ಓಡುವುದು ಏಲಿಯ ಬಳಿಗೆ. ಒಂದು ಸಲ, ಎರಡು ಸಲ, ಮೂರು ಸಲ. ದೇವರ ದನಿ ಅವನಿಗೆ ದಿನವೂ ಕೆಲಸ ಹೇಳುವ ಮುದುಕನ ದನಿಯ ಹಾಗೆಯೇ ಕೇಳಿಸಿತು! ಅವನಿಗೆ ಇನ್ನೂ ಕರ್ತನ ಪರಿಚಯವೇ ಇರಲಿಲ್ಲ ಎಂದು ಅದೇ ಅಧ್ಯಾಯ ಹೇಳುತ್ತದೆ. ಅದು ಯಾರ ದನಿ ಎಂದು ಕೊನೆಗೆ ಹೊಳೆದದ್ದೂ ಅವನಿಗಲ್ಲ, ಕಣ್ಣು ಕಾಣದ ಏಲಿಗೆ. ಕರೆ ಒಬ್ಬನಿಗೆ ಬಂತು, ಗುರುತು ಹಿಡಿದವನು ಇನ್ನೊಬ್ಬ. ಇಂದು ನಾನು ಹೇಳಬೇಕೆಂದು ಬಂದದ್ದೂ ಇಷ್ಟನ್ನೇ.

ಕನ್ನಡ ಮೇಷ್ಟ್ರ ಚಾಳಿ, ಕ್ಷಮಿಸಿ. ‘ಕರೆ’ ಎಂಬ ಪದವನ್ನೇ ನೋಡಿ. ಜನರನ್ನು ಕರೆಯುವುದಕ್ಕೂ ಹಾಲು ಕರೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಬಟ್ಟೆಗೆ ಹತ್ತಿ ಎಷ್ಟು ಒಗೆದರೂ ಹೋಗದ ಕಲೆಯೂ ಕರೆಯೇ. ಇವುಗಳ ಬೇರು ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಹಾಲು ಕರೆಯುವವಳಿಗೆ ‘ಯಾವಾಗಿನಿಂದ?’ ಎಂದು ಯಾರೂ ತಾರೀಖು ಕೇಳುವುದಿಲ್ಲ, ದಿನಕ್ಕೆ ಎರಡು ಹೊತ್ತು ಕೊಟ್ಟಿಗೆಗೆ ಹೋಗುತ್ತಾಳೋ ಇಲ್ಲವೋ ಎಂದಷ್ಟೇ ನೋಡುತ್ತಾರೆ.

ನಮ್ಮ ಕರಾವಳಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನವರು ಕರೆಯ ವಿಚಾರದಲ್ಲಿ ಬಹಳ ಕಟ್ಟುನಿಟ್ಟಿನವರು. ಯಾರು ಎಲ್ಲಿಗೆ ಹೋಗಬೇಕು, ಯಾವಾಗ ಮದುವೆಯಾಗಬಹುದು ಎಂಬುದನ್ನೂ ಬಾಸೆಲ್‌ನಲ್ಲಿದ್ದ ಸಮಿತಿಯೇ ತೀರ್ಮಾನಿಸುತ್ತಿತ್ತು. ಅಂಥ ಸಮಿತಿಯ ಕೈಕೆಳಗೆ, 1853ರಲ್ಲಿ, ಇಪ್ಪತ್ತೊಂದರ ತರುಣ ಫರ್ಡಿನಾಂಡ್ ಕಿಟೆಲ್ ಇಲ್ಲಿಗೆ ಬಂದ. ಬಂದದ್ದು ಸುವಾರ್ತೆ ಸಾರಲು. ಕನ್ನಡದವರ ನಡುವೆ ಕನ್ನಡದವನಾಗಿ ಬದುಕಬೇಕೆಂಬ ಅವನ ಹಟ ಮೇಲಿನವರಿಗೆ ಹಿಡಿಸಲಿಲ್ಲ. ಅವನನ್ನು ದೂರದ ನೀಲಗಿರಿಗೆ ಕಳಿಸಿದರು, ಆಮೇಲೆ ಮಂಗಳೂರಿನ ಮುದ್ರಣಾಲಯಕ್ಕೆ. ಬದಿಗೆ ಸರಿಸುವುದು ಎಂದರೆ ಇದೇ ತಾನೆ? ಅವನು ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂಡಿಸಿ 1862ರಲ್ಲಿ ‘ಕಥಾಮಾಲೆ’ ತಂದ. ಹತ್ತು ವರ್ಷದ ಮೇಲೆ ಕೇಶಿರಾಜನ ಶಬ್ದಮಣಿದರ್ಪಣವನ್ನು ಅಚ್ಚು ಹಾಕಿಸಿದ, 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು. 1894ರಲ್ಲಿ ಸುಮಾರು 70,000 ಪದಗಳ ನಿಘಂಟು. ಯೇಸುವಿನ ಹೆಸರು ಹೇಳಲು ಬಂದವನು ಜೈನ ಕವಿಯ, ವೀರಶೈವ ಕವಿಯ ಸಾಲು ಹುಡುಕುತ್ತಾ, ಗಾದೆ ಬರೆದುಕೊಳ್ಳುತ್ತಾ ಆಯುಷ್ಯದ ಹೆಚ್ಚು ಪಾಲು ಕಳೆದ.

ಅವನು ಕರೆ ತಪ್ಪಿದನೇ? ಮಿಶನ್ನಿನ ಲೆಕ್ಕದ ಪುಸ್ತಕ ಹಿಡಿದರೆ ಹಾಗನ್ನಿಸಬಹುದು. ಅವನು ಮೊದಲು ಓಡಿದ್ದು ಬಾಸೆಲ್‌ನ ಬಳಿಗೆ, ಸಮುವೇಲ ಏಲಿಯ ಬಳಿಗೆ ಓಡಿದ ಹಾಗೆ. ಕೂಗಿದ್ದು ಬೇರೆಯದೇ ದನಿ ಎಂಬುದು ನಮಗೆ ಈಗ ಸ್ಪಷ್ಟ. ಆದರೆ ಆ ಮೊದಲ ಓಟ ಓಡದಿದ್ದರೆ ಪೂರ್ವ ಫ್ರೀಸ್‌ಲ್ಯಾಂಡಿನ ಹುಡುಗ ಧಾರವಾಡದ ಬಿಸಿಲಿಗೆ ಬರುತ್ತಿರಲೇ ಇಲ್ಲ.

ಇಲ್ಲಿಗೇ ನಿಲ್ಲಿಸಿದರೆ ಕಥೆ ತೀರ ಸಲೀಸಾಯಿತು. ಕಿಟೆಲ್‌ಗೆ ಓದು ಇತ್ತು, ಹಟ ಹಿಡಿಯುವ ಸ್ವಾತಂತ್ರ್ಯವಿತ್ತು. ನನ್ನ ಮುತ್ತಜ್ಜ ಮೂರ್ತೆದಾರ. ಕಾಲಿಗೆ ಹಗ್ಗ, ಸೊಂಟಕ್ಕೆ ಕತ್ತಿ, ದಿನವೂ ತಾಳೆಮರ ಹತ್ತಿ ಶೇಂದಿ ಇಳಿಸುತ್ತಿದ್ದ. ದೀಕ್ಷಾಸ್ನಾನವಾದ ಮೇಲೆ ಆ ಕಸುಬು ಬಿಡಬೇಕೆಂದು ಮಿಶನ್ ಹೇಳಿತು. ಊರಿನವರು ದೂರವಿಟ್ಟರು, ಹೊಟ್ಟೆಪಾಡಿನ ದಾರಿ ಮುಚ್ಚಿತು. ಹಾಗೆ ಕಸುಬು ಕಳೆದುಕೊಂಡವರಿಗೆಂದೇ ಮಿಶನ್ ನೇಯ್ಗೆ ಶಾಲೆಗಳನ್ನು ತೆರೆಯಿತು, ಆಮೇಲೆ ಹಂಚಿನ ಕಾರ್ಖಾನೆಗಳನ್ನು. ಈ ಹಂಚಿನ ಕೆಲಸ ಶುರುಮಾಡಿದ ಗಿಯೋರ್ಗ್ ಪ್ಲೆಬ್ಸ್ಟ್ ಬಂದದ್ದೂ ಬೇರೆ ಕೆಲಸಕ್ಕೇ, ಮುದ್ರಣಾಲಯದ ಯಂತ್ರ ನೋಡಿಕೊಳ್ಳಲು. ನದಿ ದಂಡೆಯ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು, 1865ರಲ್ಲಿ ಜೆಪ್ಪುವಿನಲ್ಲಿ ನೇತ್ರಾವತಿಯ ಬದಿಗೆ ಕಾರ್ಖಾನೆ ಎದ್ದಿತು. ಪ್ಲೆಬ್ಸ್ಟ್‌ನ ಕರೆಯ ಬಗ್ಗೆ ನಾವು ಪುಸ್ತಕ ಬರೆಯಬಹುದು. ಮರದಿಂದ ಇಳಿಸಿ ಮಣ್ಣಿಗೆ ಹಚ್ಚಿದ ಮುತ್ತಜ್ಜನಿಗೆ ನಿನ್ನ ಕರೆ ಯಾವುದು ಎಂದು ಕೇಳಿದವರುಂಟೇ?

ಜರ್ಮನ್ ಭಾಷೆಯಲ್ಲಿ ಕಸುಬಿಗೆ ‘ಬೆರೂಫ್’ ಎನ್ನುತ್ತಾರೆ. ಅದರ ಒಳಗಿರುವುದು ಕರೆಯುವುದು ಎಂಬ ಮಾತೇ. ಸನ್ಯಾಸಿಗೆ ಮಾತ್ರ ಇದ್ದ ಆ ಗೌರವವನ್ನು ಚಮ್ಮಾರನಿಗೂ ಅಡುಗೆಯವಳಿಗೂ ಕೊಟ್ಟವನು ಲೂಥರ್. ದೊಡ್ಡ ಕೆಲಸವೇ. ಆದರೆ ಪ್ರತಿಯೊಬ್ಬನೂ ತಾನು ಕರೆಯಲ್ಪಟ್ಟ ಸ್ಥಿತಿಯಲ್ಲೇ ಇರಲಿ ಎಂಬ ಅರ್ಥದ ಪೌಲನ ಮಾತನ್ನು ಹಿಡಿದು ದಾಸನನ್ನು ದಾಸನಾಗಿಯೇ ಇಟ್ಟವರೂ ಇದ್ದರು. ಆ ದಾಸನಿಗೆ ಬಿಡುಗಡೆ ಸಿಗುವಂತಿದ್ದರೆ ಏನು ಮಾಡಬೇಕೆಂಬ ಮಾತು ಮರುವಚನದಲ್ಲೇ ಇದೆ, ಅಲ್ಲಿಯವರೆಗೆ ಓದುವ ವ್ಯವಧಾನ ಅವರಿಗಿರಲಿಲ್ಲ. ಕುಲಕಸುಬಿನ ನಾಡಿನಲ್ಲಿ ಹುಟ್ಟಿದ ನಾವು ಈ ಜಾಗದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ‘ದೇವರು ಇಟ್ಟ ಹಾಗೆ ಇರು’ ಎಂಬ ಮಾತು ಯಾರ ಬಾಯಿಂದ ಬರುತ್ತಿದೆ, ಅದರಿಂದ ಯಾರಿಗೆ ಅನುಕೂಲ ಎಂದು ಕೇಳಿಕೊಳ್ಳುವುದೂ ವಿವೇಚನೆಯ ಭಾಗವೇ.

ಹಾಗಾದರೆ ಕರೆಯನ್ನು ಗುರುತಿಸುವುದು ಹೇಗೆ? ಕ್ಯಾಥೊಲಿಕ್ ಸಂತ ಲೊಯೋಲದ ಇನ್ಯಾಸಿಯ ಕೊಟ್ಟ ಸುಳಿವು ನನಗೆ ಇಷ್ಟ, ನಾನು ಪ್ರೊಟೆಸ್ಟೆಂಟನಾದರೂ. 1521ರಲ್ಲಿ ಪಾಂಪ್ಲೋನದ ಕೋಟೆಯಲ್ಲಿ ಫಿರಂಗಿ ಗುಂಡು ಅವನ ಕಾಲು ಮುರಿಯಿತು. ಹಾಸಿಗೆ ಹಿಡಿದವನು ಓದಲು ವೀರರ ಕಥೆಗಳನ್ನು ಕೇಳಿದ, ಆದರೆ ಮನೆಯಲ್ಲಿದ್ದದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಕಥೆಗಳ ಪುಸ್ತಕ ಮಾತ್ರ. ಒಬ್ಬ ದೊಡ್ಡ ಮನೆತನದ ಹೆಣ್ಣನ್ನು ಮೆಚ್ಚಿಸುವ ಹಗಲುಗನಸು ಕಾಣುವಾಗ ಸುಖವಾಗುತ್ತಿತ್ತು, ಮುಗಿದ ಮೇಲೆ ಮನಸ್ಸು ಒಣಗುತ್ತಿತ್ತು. ಸಂತರ ಹಾಗೆ ಬದುಕುವ ಕನಸು ಮುಗಿದ ಮೇಲೂ ತಂಪು ಉಳಿಯುತ್ತಿತ್ತು. ತಿನ್ನುವಾಗಿನ ರುಚಿಗಿಂತ ತಿಂದಾದ ಮೇಲೆ ನಾಲಗೆಯಲ್ಲಿ ಉಳಿದದ್ದನ್ನು ಅವನು ಗಮನಿಸಿದ.

ನನ್ನ ಅಜ್ಜಿಗೆ ಇನ್ಯಾಸಿಯನ ಹೆಸರೂ ಗೊತ್ತಿರಲಿಲ್ಲ. ಅವಳು ಹಂಚಿನ ಕಾರ್ಖಾನೆಯಲ್ಲಿ ಸುಟ್ಟ ಹಂಚುಗಳನ್ನು ವಿಂಗಡಿಸುತ್ತಿದ್ದಳು. ಎಡಗೈಯಲ್ಲಿ ಹಂಚು ಎತ್ತಿ ಹಿಡಿದು ಬಲಗೈ ಗೆಣ್ಣಿನಿಂದ ಒಂದು ಸಲ ತಟ್ಟುವುದು. ಟಣ್ ಎಂದರೆ ಒಂದು ಕಡೆಗೆ. ಬದ್ ಎಂದರೆ ಕಣ್ಣಿಗೆ ಕಾಣದ ಸೀಳಿದೆ, ಇನ್ನೊಂದು ಕಡೆಗೆ. ಅವಳ ಗೆಣ್ಣು ಮುದಿತನದಲ್ಲೂ ಕಾಯಿಕಟ್ಟಿಕೊಂಡಿತ್ತು. “ಅಜ್ಜಿ, ಹಂಚಿಗೇ ಗೊತ್ತಾಗೋದಿಲ್ವಾ ತಾನು ಸೀಳಿದ್ದೇನೆ ಅಂತ?” ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. “ಹಂಚು ತನ್ನನ್ನ ತಾನೇ ತಟ್ಟಿಕೊಳ್ತದಾ ಮಗಾ?” ಎಂದಿದ್ದಳು.

ಸಂದರ್ಶನದಿಂದ ಸೋತು ಬಂದ ರಾತ್ರಿ ಊಟ ಬಡಿಸಿದವಳೂ ಅವಳೇ. ತಾರೀಖಿನ ಕಥೆ ಕೇಳಿ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನಾಳೆ ಭಾನುವಾರ. ಸಂಡೇ ಸ್ಕೂಲಿನ ಮಕ್ಕಳು ನಿನ್ನನ್ನೇ ಕೇಳ್ತಾವೆ, ಬೇಗ ಮಲಗು” ಎಂದಳು. ನನಗೆ ಅಂದು ಅವಮಾನದ ಮೇಲೆ ಅವಮಾನವಾದಂತಿತ್ತು. ಅವಳು ಆಗ ನನ್ನನ್ನು ತಟ್ಟಿ ನೋಡಿದಳೆಂದು ಅರ್ಥವಾಗಲು ನಾನು ಮೇಷ್ಟ್ರಾಗಿ ಹತ್ತು ವರ್ಷವಾಗಬೇಕಾಯಿತು.

ಸಮುವೇಲನ ಕಥೆಯಲ್ಲಿ ನಾವು ಮಕ್ಕಳಿಗೆ ಹೇಳದೆ ಬಿಡುವ ಭಾಗವೊಂದಿದೆ. ನಾಲ್ಕನೆಯ ಸಲ ಅವನು ಕೇಳಿಸಿಕೊಂಡದ್ದು ತನ್ನನ್ನು ಸಾಕಿದ ಏಲಿಯ ಮನೆತನಕ್ಕೆ ಬರಲಿದ್ದ ಕೇಡಿನ ಸುದ್ದಿ. ಅದನ್ನು ಮುದುಕನಿಗೆ ಹೇಗೆ ಹೇಳುವುದೆಂದು ಹೆದರಿ, ಹುಡುಗ ಬೆಳಗಿನವರೆಗೆ ಸುಮ್ಮನೆ ಮಲಗಿದ್ದ. ಬೆಳಗಾದ ಮೇಲೆ ಎದ್ದು, ದೇವಾಲಯದ ಬಾಗಿಲುಗಳನ್ನು ತೆರೆದ.