ಯಾವ ಊರು, ಯಾರ ಮನೆಯವರು?



ಹೊಸೂರು, ತಳಿ, ಬಾಗಲೂರಿನ ಕಡೆ ಹೊಸಬರು ಬಂದರೆ ನೀರು ಕೊಟ್ಟು ‘ಯಾವ ಊರು, ಯಾರ ಮನೆಯವರು?’ ಎಂದು ವಿಚಾರಿಸುವುದು ವಾಡಿಕೆ. ಫೋನಿನಲ್ಲಿ ಬಂದವರನ್ನು ಮಾತ್ರ ನಾವು ಕೇಳುವುದಿಲ್ಲ.

ಶತಮಾನೋತ್ಸವಕ್ಕೆಂದು ವಾಟ್ಸ್‌ಆ್ಯಪ್ ಬಳಗ ಕಟ್ಟಿದಾಗ, ನಮ್ಮ ನಿವೃತ್ತ ಗುರುಗಳೊಬ್ಬರ ಭಾವಚಿತ್ರವಿದ್ದ ಹೊಸ ಸಂಖ್ಯೆಯಿಂದ ಹಲವರಿಗೆ ಸಂದೇಶ ಬಂದಿತು: ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಬೇಕು. ಇಬ್ಬರು ಕಳುಹಿಸಿಯೇಬಿಟ್ಟರು. ಮೂರನೆಯವರಿಗೆ ಸಂಶಯ ಹುಟ್ಟಿದ್ದು ಭಾಷೆಯಿಂದ. ತಮಿಳು, ತೆಲುಗು ಬೆರೆತ ಗಡಿನಾಡ ಕನ್ನಡದಲ್ಲೇ ಗದರಿಸಿ ಕಲಿಸಿದ ಮೇಷ್ಟ್ರು ‘ಪ್ರಿಯ ವಿದ್ಯಾರ್ಥಿಯೇ’ ಎಂದು ಬರೆದಾರೆಯೇ? ಹಳೆಯ ಸಂಖ್ಯೆಗೆ ಕರೆ ಮಾಡಿದರೆ, ಗುರುಗಳು ಮನೆಯ ಜಗುಲಿಯಲ್ಲಿ ಆರಾಮವಾಗಿ ಕುಳಿತಿದ್ದರು!

ಹಣ ಕಳೆದುಕೊಂಡವರು ನಾಚಿಕೆಯಿಂದ ವಾರಕಾಲ ಬಾಯಿ ಬಿಡಲಿಲ್ಲ. ನಮ್ಮನ್ನು ಹೆಚ್ಚು ನೋಯಿಸಿದ್ದು ಆ ಮೌನ. ಒಡನೆಯೇ 1930ಕ್ಕೆ ಕರೆ ಮಾಡಿದ್ದರೆ ಹಣವನ್ನು ನಡುವೆಯೇ ತಡೆಹಿಡಿಯುವ ಅವಕಾಶವಿರುತ್ತಿತ್ತು. ಹೀಗೆ ಸೋಗು ಹಾಕಿ ವಂಚಿಸಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ 3 ವರ್ಷಗಳವರೆಗೆ ಸೆರೆವಾಸವುಂಟು. ಮದುವೆಯ ಮಾತಾಡಿ ತಿಂಗಳುಗಟ್ಟಲೆ ನಂಬಿಸಿ, ಮುಖ ತೋರಿಸಲು ಮಾತ್ರ ನೆಪ ಹೇಳುವವರೂ ಇದೇ ಜಾತಿಯವರು. ಮಕ್ಕಳು ಇಂಥದನ್ನು ಹೇಳಿಕೊಳ್ಳಲು ಬಂದರೆ, ಪೋಷಕರೇ, ಮೊದಲೇ ಬೈಯದಿರಿ.

ಈಗ ಬಳಗಕ್ಕೆ ಸೇರುವವರಿಂದ ಓದಿದ ವರ್ಷ, ಸಹಪಾಠಿಯ ಹೆಸರು ಕೇಳಿ, ಆ ಸಹಪಾಠಿಗೂ ಫೋನ್ ಮಾಡುತ್ತೇವೆ. ಕೆಲವರಿಗೆ ಬೇಸರವಾಗಿದೆ, ಕ್ಷಮಿಸಬೇಕು.